ವೈನಿ, ಆ ಪುಡಿ ಬ್ಯಾರಲ್‌ಗೆ ಬೇಡ
ವೈನಿ, ನಿಮ್ಮ ಮೆಸೇಜು ಈಗ ಕೇಳಿದೆ. ಸೀತಾಫಲದ ಬೀಜ ಪುಡಿ ಮಾಡಿ ಕುಡಿಯುವ ನೀರಿನ ಬ್ಯಾರಲ್‌ಗೆ ಹಾಕಿದರೆ ಸೊಳ್ಳೆಯ ಹುಳ ಸಾಯುತ್ತವಂತೆ, ಅದರಲ್ಲಿ ಆಂಟಿಆಕ್ಸಿಡೆಂಟ್ ಇರುವುದರಿಂದ ನೀರು ಕುಡಿದರೂ ಒಳ್ಳೆಯದಂತೆ, ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಹಾಕಿದ್ದರೆ ಆ ನೀರು ಈಗಲೇ ಚೆಲ್ಲಿಬಿಡಿ.

ಹುಳ ಸಾಯುವುದು ನಿಜ. ಆ ಬೀಜದಲ್ಲಿ ಅಸಿಟೋಜೆನಿನ್ ಅನ್ನುವ ವಿಷ ಇದೆ, ಅದಕ್ಕೇ ಸಾಯುತ್ತವೆ. ಹೇನಿಗೆ ಅಂತ ತಲೆಗೆ ಹಚ್ಚಿಕೊಂಡ ಪುಡಿ ಕಣ್ಣಿಗಿಳಿದು, ಕಣ್ಣಿನ ಮೇಲ್ಪದರವೇ ಸುಟ್ಟ ಹಾಗೆ ಆದವರಿದ್ದಾರೆ. ಇನ್ನು ಆಂಟಿಆಕ್ಸಿಡೆಂಟ್ ಮಾತು. ಅದು ಇದೆಯಾ ಅಂತ ತಿಳಿಯಲು ಲ್ಯಾಬಿನಲ್ಲಿ ನೇರಳೆ ಬಣ್ಣದ ದ್ರಾವಣಕ್ಕೆ ಬೀಜದ ಸಾರ ಹಾಕಿ, ಬಣ್ಣ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಹೊಟ್ಟೆಗೆ ಹೋದರೆ ಏನಾಗುತ್ತದೆ ಅನ್ನುವುದು ಆ ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಅಲ್ವಾ?

ಬೀಜವೇ ಬೇಕು ಅಂದರೆ ಬೇವಿನದು ಇದೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಕಾಕಾ ಹೊಡೆಯುವ ಬೇವಿನ ಕಷಾಯ ನೆನಪಿದೆಯಲ್ಲ? ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸುತ್ತಾರೆ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳಕ್ಕೆ ಪೊರೆ ಬಿಡಲು ಕೊಡುವುದಿಲ್ಲ. ಪೊರೆ ಬಿಡದಿದ್ದರೆ ಸೊಳ್ಳೆ ಆಗುವುದಿಲ್ಲ. ತಕ್ಷಣ ಸಾಯುವುದಿಲ್ಲ, ಎರಡು ದಿನ ಒದ್ದಾಡುತ್ತಿದ್ದರೆ ಗಾಬರಿಯಾಗಬೇಡಿ. ಹಿತ್ತಲಿನ ಬಚ್ಚಲಗುಂಡಿಗೆ ಹಾಕಿ ನೋಡಿ. ನಮ್ಮ ವಿಜಯಪುರದ ಬಿಸಿಲಿಗೆ ಅದು ಬೇಗ ಕೆಡುತ್ತದೆ, ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಕುಡಿಯುವ ನೀರಿಗೆ ಮಾತ್ರ ಇದೂ ಬೇಡ. ಬೇವಿನೆಣ್ಣೆ ಕುಡಿಸಿ ಕೂಸುಗಳಿಗೆ ಫಿಟ್ಸ್ ಬಂದದ್ದಿದೆ.

ಬ್ಯಾರಲ್‌ಗೆ ಪುಡಿ ಹಾಕುವುದಕ್ಕಿಂತ ತೆಂಗಿನ ನಾರಿನಿಂದ ತಿಕ್ಕುವುದು ಮೇಲು. ಡೆಂಗಿ ಸೊಳ್ಳೆಗೆ ಗಟಾರ ಬೇಡ, ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಬೇಕು. ನೀರಿನ ಅಂಚಿಗೆ, ಬ್ಯಾರಲ್‌ನ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನಳ ಬಂದ ದಿನ ಹಳೇ ನೀರು ಸುಮ್ನೆ ಚೆಲ್ಲಿ ತುಂಬಿದರೆ ಸಾಲದು, ಒಳಗೆ ಗಸಗಸ ತಿಕ್ಕಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ. ಅದಕ್ಕೇ ವಾರಕ್ಕೊಮ್ಮೆ ತಪ್ಪಿಸಬೇಡಿ. ತುಂಬಿದ ಮೇಲೆ ಹಳೇ ಧೋತರ ಬಾಯಿಗೆ ಬಿಗಿಯಾಗಿ ಕಟ್ಟಿ. ನಿಮಗೆ ಸೊಂಟ ನೋವು, ಬಗ್ಗಲು ಹೋಗಬೇಡಿ. ಭಾನುವಾರ ನಾನೇ ಬಂದು ತಿಕ್ಕಿಕೊಡುತ್ತೇನೆ.

ಒಂದು ಕೇಳುವುದು ಮರೆತೆ. ಆ ಬೀಜ ಪುಡಿ ಮಾಡಿದ್ದು ಚಟ್ನಿಯ ಮಿಕ್ಸರ್‌ನಲ್ಲೇನಾ? ಹಾಗಿದ್ದರೆ ಅದನ್ನು ಎರಡು ಮೂರು ಸಲ ಸೋಪು ಹಾಕಿ ತೊಳೆಯಿರಿ. ಉಳಿದ ಪುಡಿ ತಮ್ಮನ ಕೈಗೆ ಸಿಗದ ಹಾಗೆ ಮಣ್ಣಲ್ಲಿ ಹೂತುಬಿಡಿ, ಆಮೇಲೆ ಕಣ್ಣು ಮುಟ್ಟುವ ಮೊದಲು ಕೈ ತೊಳೆದುಕೊಳ್ಳಿ.