ಆಟೋಮೇಟಾ ಥಿಯರಿ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಕೇಳಿದವರು, ಕೆಂಗೇರಿ

ನಮಸ್ಕಾರ. ಬಿಇ ಕಂಪ್ಯೂಟರ್ ಸೈನ್ಸ್, ಐದನೇ ಸೆಮ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಕೋಡಿಂಗ್ ಚೆನ್ನಾಗೇ ಬರುತ್ತದೆ. ಆದರೆ ಥಿಯರಿ ಆಫ್ ಕಂಪ್ಯುಟೇಶನ್ ಕ್ಲಾಸಲ್ಲಿ ಬೋರ್ಡ್ ಮೇಲೆ ಡಿಎಫ್‌ಎ (ಒಂದೊಂದೇ ಅಕ್ಷರ ಓದುತ್ತಾ ಸ್ಟೇಟ್ ಬದಲಿಸುವ ಕಾಲ್ಪನಿಕ ಯಂತ್ರ) ಬರೆದಾಗ ಅರ್ಥವಾದ ಹಾಗಿರುತ್ತದೆ, ಪಿಜಿಗೆ ಬಂದು ಹೊಸ ಲೆಕ್ಕ ತೆಗೆದರೆ ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗುವುದಿಲ್ಲ. ಒಂದು ಭಾಷೆಗೆ ಡಿಎಫ್‌ಎ ಬರೆಯಲು ಆಗುವುದಿಲ್ಲ ಅಂತ ಸಾಧಿಸುವ ಪಂಪಿಂಗ್ ಲೆಮ್ಮಾ ಅಂತೂ ಬರೀ ಬಾಯಿಪಾಠ. ಓದಿದವರು, ಪಾಠ ಮಾಡಿದವರು ದಯವಿಟ್ಟು ಅನುಭವ ಹೇಳಿ. ಮುಂದೆ ಕೆಲಸಕ್ಕೆ ಬರುತ್ತದೆಯಾ ಅನ್ನುವುದನ್ನೂ ಹೇಳಿ.

ಪಾಠ ಮಾಡುವವರು, ಬಸವನಗುಡಿ

ಈ ವಿಷಯ ತುಂಬಾ ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಇದೇ ಕಷ್ಟ ಬರುತ್ತದೆ, ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಬರುತ್ತದೆ. ಆ ಕೊರಗು ಮೊದಲು ಬಿಡಿ.

ಬೋರ್ಡ್ ಮೇಲೆ ನಿಮಗೆ ಕಾಣುವುದು ಮುಗಿದ ಚಿತ್ರ. ಸುತ್ತುಗಳು, ಬಾಣಗಳು, ಬಾಣದ ಮೇಲೆ 0 ಮತ್ತು 1. ಒಂದೊಂದು ಸುತ್ತಿನ ಅರ್ಥ ಏನು ಅನ್ನುವುದು ಪಾಠ ಮಾಡುವವರ ತಲೆಯಲ್ಲಿರುತ್ತದೆ, ಬೋರ್ಡಿನಲ್ಲಿ ಇರುವುದಿಲ್ಲ. ಆದ್ದರಿಂದ ಬಾಣ ಎಳೆಯುವ ಮೊದಲು ಪ್ರತಿ ಸ್ಟೇಟ್‌ಗೂ, ಅಂದರೆ ಪ್ರತಿ ಸುತ್ತಿಗೂ, ಒಂದು ಪೂರ್ತಿ ವಾಕ್ಯ ಬರೆಯಿರಿ. ಇಲ್ಲಿಯವರೆಗೆ ಓದಿದ್ದರಲ್ಲಿ ಈ ಸ್ಟೇಟ್‌ಗೆ ಏನು ನೆನಪಿದೆ? ಕನ್ನಡದಲ್ಲೇ ಬರೆಯಿರಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ಬೈನರಿ ಸಂಖ್ಯೆಯನ್ನು ಎಡದಿಂದ ಒಂದೊಂದೇ ಬಿಟ್ ಓದುತ್ತಾ, ಅದು 3ರಿಂದ ಭಾಗವಾಗುತ್ತದೆಯೇ ಹೇಳಬೇಕು. ಸಂಖ್ಯೆ ನೂರು ಬಿಟ್ ಉದ್ದ ಇರಬಹುದು, ಅಷ್ಟನ್ನೂ ನೆನಪಿಡಲು ಆಗುವುದಿಲ್ಲ. ಹಾಗಾದರೆ ಏನು ಸಾಕು? ಶೇಷ ಸಾಕು. ಮೂರು ವಾಕ್ಯ: 'ಶೇಷ 0', 'ಶೇಷ 1', 'ಶೇಷ 2'. ಕೊನೆಯಲ್ಲಿ ಒಂದು ಬಿಟ್ ಸೇರಿದರೆ ಸಂಖ್ಯೆ ಎರಡರಷ್ಟಾಗಿ ಅದಕ್ಕೆ ಆ ಬಿಟ್ ಕೂಡುತ್ತದೆ. ಶೇಷ 2ರಲ್ಲಿದ್ದಾಗ 1 ಬಂತು ಅನ್ನಿ. ಎರಡೆರಡ್ಲ ನಾಲ್ಕು, ಒಂದು ಕೂಡಿಸಿದರೆ ಐದು, 3ರಿಂದ ಭಾಗಿಸಿದರೆ ಶೇಷ ಮತ್ತೆ 2. ಬಾಣ ಅಲ್ಲೇ ಸುತ್ತು ಹಾಕುತ್ತದೆ. ಉಳಿದ ಐದು ಬಾಣ ನೀವೇ ಎಳೆಯಿರಿ. ಆಮೇಲೆ 110, ಅಂದರೆ ಆರು, ಓಡಿಸಿ ನೋಡಿ. ಶೇಷ 0ಗೆ ಬಂದು ನಿಲ್ಲಬೇಕು.

ವಾಕ್ಯ ಬರೆಯಲು ಬರಲಿಲ್ಲ ಅಂದರೆ ಆ ಸ್ಟೇಟ್ ಯಾಕೆ ಬೇಕು ಅನ್ನುವುದು ಇನ್ನೂ ಗೊತ್ತಾಗಿಲ್ಲ ಅಂತಲೇ ಅರ್ಥ. ಅಲ್ಲಿ ನಿಂತು ಯೋಚಿಸಿ, ಮುಂದೆ ಓಡಬೇಡಿ.

ಕನ್ನಡ ಟೈಪಿಂಗ್ ತಂತ್ರಾಂಶದ ಕೆಲಸದವರು

ಮೇಲಿನವರು ಹೇಳಿದ್ದಕ್ಕೆ ನನ್ನ ಕೆಲಸದ್ದೇ ಒಂದು ಉದಾಹರಣೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಆರು: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಕರ್ಸರ್ ಎಲ್ಲಿ ನಿಲ್ಲಬೇಕು, ಸಾಲು ಎಲ್ಲಿ ಮುರಿಯಬಾರದು ಅಂತ ತಿಳಿಯಲು ಅಕ್ಷರ ಎಲ್ಲಿ ಮುಗಿಯಿತು ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಒಂದು ಪುಟ್ಟ ಡಿಎಫ್‌ಎ ಸಾಕು. ಸ್ಟೇಟ್‌ಗಳ ವಾಕ್ಯ ಹೀಗೆ: 'ಇನ್ನೂ ಏನೂ ಬಂದಿಲ್ಲ', 'ವ್ಯಂಜನ ಬಂದಿದೆ', 'ಹಲಂತ ಬಂದಿದೆ, ಇನ್ನೊಂದು ವ್ಯಂಜನ ಬಂದರೆ ಒತ್ತು ಆಗುತ್ತದೆ', 'ಸ್ವರ ಸೇರಿದೆ', 'ಅನುಸ್ವಾರ ಅಥವಾ ವಿಸರ್ಗ ಬಂದು ಮುಗಿದಿದೆ'.

ಹಲಂತದ ಸ್ಟೇಟ್ ಕೊನೆಯ ಸ್ಟೇಟ್ ಆಗಬಹುದಾ, ಅಂದರೆ ಅಕ್ಷರ ಅಲ್ಲೇ ಮುಗಿಯಬಹುದಾ? 'ಬಸ್' ಅಂತ ಬರೆದು ನೋಡಿ. ಆಗಲೇಬೇಕು. ಇನ್ನು 'ಸಾಫ್ಟ್‌ವೇರ್' ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಅಂಟಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಅದಕ್ಕೆ ಬಾಣ ಎಲ್ಲಿಂದ ಎಲ್ಲಿಗೆ ಅಂತ ನೀವೇ ಹಾಕಿ ನೋಡಿ, ಒಳ್ಳೆ ಅಭ್ಯಾಸ. ದಿನಾ ಬರೆಯುವ ಲಿಪಿಯೊಳಗೆ ಇದು ಕೂತಿದೆ ಅಂತ ಗೊತ್ತಾದ ಮೇಲೆ ನನಗೆ ಈ ವಿಷಯದ ಮೇಲೆ ತುಂಬಾ ಪ್ರೀತಿ ಬಂತು.

ಗೇಟ್ ಪರೀಕ್ಷೆ ಬರೆದವರು, ಯಶವಂತಪುರ

ಪಂಪಿಂಗ್ ಲೆಮ್ಮಾವನ್ನು ಇಬ್ಬರು ಕೂತು ಆಡಬೇಕು. ನಾನು ರೂಮ್‌ಮೇಟ್ ಜೊತೆ ಹಾಗೇ ಕಲಿತದ್ದು. ಭಾಷೆ (ಇಲ್ಲಿ ಸ್ಟ್ರಿಂಗ್‌ಗಳ ಗುಂಪು ಅಂತ ಅರ್ಥ): ಒಂದಷ್ಟು 0, ಆಮೇಲೆ ಸರಿಯಾಗಿ ಅಷ್ಟೇ 1. ಇದು ರೆಗ್ಯುಲರ್, ಅಂದರೆ ಡಿಎಫ್‌ಎ ಗುರುತಿಸಬಲ್ಲದ್ದು, ಅಂತ ಎದುರಾಳಿಯ ವಾದ. ಅವನು ಪಿ ಅನ್ನುವ ಒಂದು ಸಂಖ್ಯೆ ಹೇಳುತ್ತಾನೆ, 5 ಅಂದುಕೊಳ್ಳಿ. ಸ್ಟ್ರಿಂಗ್ ಆರಿಸುವುದು ನೀವು: 0000011111. ಅದನ್ನು ಮೂರು ತುಂಡು ಮಾಡುವುದು ಮತ್ತೆ ಅವನು. ಅವನಿಗೆ ಎರಡು ಕಟ್ಟುಪಾಡು. ಮೊದಲ ಎರಡು ತುಂಡು ಸೇರಿ 5 ಮೀರಬಾರದು, ನಡುವಿನ ತುಂಡು ಖಾಲಿ ಇರಬಾರದು. ಹಾಗಾಗಿ ಎಲ್ಲಿ ಕತ್ತರಿಸಿದರೂ ನಡುವಿನ ತುಂಡಲ್ಲಿ ಬರೀ 0. ಭಾಷೆ ರೆಗ್ಯುಲರ್ ಆಗಿದ್ದರೆ ಆ ತುಂಡನ್ನು ಎಷ್ಟು ಸಲ ಬರೆದರೂ ಸ್ಟ್ರಿಂಗ್ ಭಾಷೆಯಲ್ಲೇ ಇರಬೇಕು. ನೀವು ಎರಡು ಸಲ ಬರೆಯಿರಿ. 0 ಜಾಸ್ತಿ ಆಯಿತು, 1 ಐದೇ ಉಳಿಯಿತು. ಗೆದ್ದಿರಿ.

ಉತ್ತರ ಪತ್ರಿಕೆಯಲ್ಲಿ 5ರ ಜಾಗದಲ್ಲಿ ಪಿ ಅಂತಲೇ ಇರಲಿ. ಮುಖ್ಯವಾಗಿ, ತುಂಡು ಮಾಡುವ ಸರದಿ ನಿಮ್ಮದಲ್ಲ. ಅವನು ಹೇಗೆ ಮಾಡಿದರೂ ನೀವು ಗೆಲ್ಲುತ್ತೀರಿ ಅಂತ ತೋರಿಸಬೇಕು. ಮತ್ತೆ, ಈ ಲೆಮ್ಮಾದಿಂದ ಒಂದು ಭಾಷೆ ರೆಗ್ಯುಲರ್ ಹೌದು ಅಂತ ಸಾಧಿಸಲು ಬರುವುದಿಲ್ಲ. ರೆಗ್ಯುಲರ್ ಅಲ್ಲದಿದ್ದರೂ ಲೆಮ್ಮಾಕ್ಕೆ ಸಿಕ್ಕಿಬೀಳದ ಭಾಷೆಗಳಿವೆ.

ಚಿತ್ರ ಬರೆದು ಓಡಿಸಲು ಜೆಫ್ಲ್ಯಾಪ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆದರೆ ಮೊದಲು ಕಾಗದದ ಮೇಲೆ ಬರೆಯಿರಿ.

ಸರ್ವರ್ ಕೆಲಸದವರು, ವೈಟ್‌ಫೀಲ್ಡ್

ಕೆಲಸಕ್ಕೆ ಬರುತ್ತದೆಯಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ. 2019ರ ಜುಲೈ 2ರಂದು, ಬೇರೆ ವೆಬ್‌ಸೈಟ್‌ಗಳ ಟ್ರಾಫಿಕ್ ನೋಡಿಕೊಳ್ಳುವ ಕ್ಲೌಡ್‌ಫ್ಲೇರ್ ಕಂಪನಿಯ ಒಂದು ಹೊಸ ನಿಯಮದಲ್ಲಿದ್ದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕುವ ಪ್ಯಾಟರ್ನ್) ಅವರ ಸರ್ವರ್‌ಗಳ ಸಿಪಿಯುವನ್ನೆಲ್ಲ ತಿಂದುಹಾಕಿ, ಸುಮಾರು 27 ನಿಮಿಷ ಪ್ರಪಂಚದ ಎಷ್ಟೋ ವೆಬ್‌ಸೈಟ್ ನಿಂತುಹೋದವು. ಕಾರಣ ಬ್ಯಾಕ್‌ಟ್ರ್ಯಾಕಿಂಗ್. ಎಂಜಿನ್ ಒಂದು ದಾರಿ ಹಿಡಿದು, ಆಗದಿದ್ದರೆ ವಾಪಸ್ ಬಂದು ಇನ್ನೊಂದು ದಾರಿ ನೋಡುತ್ತದೆ. ಕೆಲವು ಪ್ಯಾಟರ್ನ್‌ಗಳಲ್ಲಿ ಆ ದಾರಿಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ.

ಇದಕ್ಕೆ ಮದ್ದು ನಿಮ್ಮ ಸಿಲಬಸ್‌ನಲ್ಲೇ ಇದೆ. ಎನ್‌ಎಫ್‌ಎ (ಒಂದೇ ಅಕ್ಷರಕ್ಕೆ ಹಲವು ಬಾಣ ಇರಬಹುದಾದ ಯಂತ್ರ) ಇರಬಹುದಾದ ಎಲ್ಲಾ ಸ್ಟೇಟ್‌ಗಳನ್ನೂ ಒಟ್ಟಿಗೆ ಹಿಡಿದುಕೊಂಡು ಮುಂದೆ ಹೋಗುವುದು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1968ರಲ್ಲೇ ಹೀಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಓಡಿಸುವುದನ್ನು ಬರೆದಿದ್ದರು. ಗೋ ಭಾಷೆಯ ಎಂಜಿನ್ ಇವತ್ತಿಗೂ ಆ ದಾರಿಯದ್ದೇ. ಎಲ್ಲವನ್ನೂ ಮೊದಲೇ ಡಿಎಫ್‌ಎ ಮಾಡಿಟ್ಟರಾಯಿತಲ್ಲ ಅಂದರೆ, ಅದೂ ದುಬಾರಿ ಆಗಬಹುದು. 'ಕೊನೆಯಿಂದ 10ನೇ ಬಿಟ್ 1' ಅನ್ನುವುದಕ್ಕೆ ಎನ್‌ಎಫ್‌ಎಗೆ 11 ಸ್ಟೇಟ್ ಸಾಕು, ಡಿಎಫ್‌ಎಗೆ 1024 ಬೇಕೇ ಬೇಕು. ಕೊನೆಯ ಹತ್ತು ಬಿಟ್ ನೆನಪಿಡಬೇಕಲ್ಲ, ಅದಕ್ಕೆ.

ಕೇಳಿದವರು, ಕೆಂಗೇರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರರ ಲೆಕ್ಕ ಮಾಡಿದೆ, ಆರೂ ಬಾಣ ಸರಿ ಬಂದವು. ಸ್ಟ್ಯಾಕ್ ಇರುವ ಪುಶ್‌ಡೌನ್ ಆಟೋಮೇಟಾ, ಟೇಪ್ ಮೇಲೆ ಓದಿ ಬರೆಯುವ ಟ್ಯೂರಿಂಗ್ ಮಷೀನ್‌ಗೂ ಇದೇ ವಾಕ್ಯದ ದಾರಿ ನಡೆಯುತ್ತದೆಯಾ?

ಪಾಠ ಮಾಡುವವರು, ಬಸವನಗುಡಿ

ನಡೆಯುತ್ತದೆ. ಪುಶ್‌ಡೌನ್‌ನಲ್ಲಿ ಸ್ಟ್ಯಾಕ್‌ಗೂ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ನೆನಪು) ಒಂದು ವಾಕ್ಯ ಬರೆಯಬೇಕು, ಅಷ್ಟೇ. ಈಗ ಆಡಿದಿರಲ್ಲ, 0 ಎಷ್ಟೋ 1 ಅಷ್ಟೇ ಅನ್ನುವ ಭಾಷೆ? ಅಲ್ಲಿ ಸ್ಟ್ಯಾಕ್‌ನ ವಾಕ್ಯ 'ಇನ್ನೂ ಜೋಡಿ ಸಿಗದ 0ಗಳು ಇಷ್ಟಿವೆ'. ಟ್ಯೂರಿಂಗ್ ಮಷೀನ್‌ನಲ್ಲಿ ಟೇಪ್ ಮೇಲೆ ಯಾವ ಗುರುತು ಏನು ಹೇಳುತ್ತದೆ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಹಾಲ್ಟಿಂಗ್ ಪ್ರಾಬ್ಲಂಗೆ (ಒಂದು ಪ್ರೋಗ್ರಾಂ ನಿಲ್ಲುತ್ತದೆಯೇ ಅಂತ ಮೊದಲೇ ಹೇಳುವ ಸಮಸ್ಯೆ) ಬಂದಾಗ ಮತ್ತೆ ಕೇಳಿ, ಅದು ಬೇರೆ ತರಹದ ಯೋಚನೆ.

ಈಗ ಇದನ್ನು ಮಾಡಿ: 0ಗಳು ಸಮಸಂಖ್ಯೆ, 1ಗಳು ಬೆಸಸಂಖ್ಯೆ ಇರುವ ಸ್ಟ್ರಿಂಗ್‌ಗಳು. ನಾಲ್ಕು ವಾಕ್ಯ ಬರಬೇಕು. ಚಿತ್ರ ಬೇಡ, ಬರೀ ವಾಕ್ಯ ಬರೆದು ಹಾಕಿ, ನೋಡಿ ಹೇಳುತ್ತೇನೆ.