ಪೆಟ್ರೋಲ್ ಹೆಲಿ: ಐದನೇ ನಿಮಿಷಕ್ಕೆ ದಮ್ಮು ಕಟ್ಟುತ್ತೆ, ಏನು ಮಾಡೋದು?

ಗಿರಗಿಟ್ಲೆ:

ಮೊದಲು ಮೆಷಿನ್ ವಿವರ. ರಿಮೋಟ್‌ನಲ್ಲಿ ಹಾರಿಸೋ 700 ಕ್ಲಾಸ್ (700 ಎಂಎಂ ಆಸುಪಾಸಿನ ಬ್ಲೇಡಿನ) ಮಾಡೆಲ್ ಹೆಲಿ, 25.4 ಸಿಸಿ ಜೆನೋವಾ ಎಂಜಿನ್, ವಾಲ್ಬ್ರೋ ಕಾರ್ಬೊರೇಟರ್, 710 ಎಂಎಂ ಕಾರ್ಬನ್ ಬ್ಲೇಡ್. ಟ್ಯಾಂಕ್ ತುಂಬಿದಾಗ 6.5 ಕೆಜಿ. ಫ್ಲೈಬಾರ್‌ಲೆಸ್ (ಸಮತೋಲನದ ಕಡ್ಡಿ ಬದಲು ಎಲೆಕ್ಟ್ರಾನಿಕ್ ಗೈರೊ), ಗವರ್ನರ್ (ರೋಟರ್ ವೇಗ ಒಂದೇ ಸಮ ಇಡೋದು) ಆನ್, ಹೆಡ್ ಸ್ಪೀಡ್, ಅಂದ್ರೆ ಮುಖ್ಯ ರೋಟರ್ ವೇಗ, 1450 ಆರ್‌ಪಿಎಂ. ನೀಡಲ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸೋ ಸ್ಕ್ರೂ) ಸೆಟ್ ಮಾಡಿದ್ದು ಬೆಂಗಳೂರಲ್ಲಿ. ಈಗ ಹಾರಿಸ್ತಿರೋದು ಕುಂದಾಪುರದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ.

ಸ್ಟಾರ್ಟ್ ಆಗೋಕೆ ತಕರಾರಿಲ್ಲ. ಮೂರು ನಾಲ್ಕು ನಿಮಿಷ ಹೋವರ್ ಅಲ್ಲಾಡದೆ ನಿಲ್ಲುತ್ತೆ. ಮುಂದಕ್ಕೆ ಬಿಟ್ಟು ಎರಡು ಸಲ ಜೋರಾಗಿ ಮೇಲೇರಿಸಿದ್ರೆ ರಗಳೆ ಶುರು. ಸದ್ದು ತೆಳ್ಳಗಾಗಿ ಕೀರಲಾಗುತ್ತೆ, ಆರ್‌ಪಿಎಂ ಕುಸಿಯುತ್ತೆ, ಬಾಲ ಎಡಬಲ ಜಗ್ಗುತ್ತೆ. ಇಳಿಸಿದ್ರೆ ಐಡಲ್ ಕೆಳಗೆ ಬರೋದೇ ಇಲ್ಲ, ಕ್ಲಚ್ ಹಿಡಿದುಕೊಂಡೇ ಇರುತ್ತೆ. ಹತ್ತು ನಿಮಿಷ ಆರಲು ಬಿಟ್ರೆ ಮತ್ತೆ ಮಾಮೂಲು. ಪ್ಲಗ್ ಬಿಚ್ಚಿ ನೋಡಿದ್ರೆ ತುದಿ ಸುಣ್ಣದ ಬಿಳಿ. ಪೆಟ್ರೋಲ್ ಬಂಕಿನದ್ದೇ, ಆಯಿಲ್ 40:1.

ಜೊತೆಗೆ ಇನ್ನೊಂದು. ಈಗ ಎಲ್ಲರೂ ಎಲೆಕ್ಟ್ರಿಕ್. ಇಷ್ಟು ಕೈ ಮಸಿ ಮಾಡ್ಕೊಂಡು ಪೆಟ್ರೋಲ್ ಹೆಲಿ ಹಾರಿಸೋದ್ರಲ್ಲಿ ಅಂಥ ಸುಖ ಏನಿದೆ? ಇಟ್ಕೊಳ್ಳಲಾ, ಮಾರಲಾ?

ಟೂಸ್ಟ್ರೋಕ್_ಟಿಪ್ಪಣಿ:

ಸುಣ್ಣದ ಬಿಳಿ ಅಂದ್ರಲ್ಲ ಸರ್, ಉತ್ತರ ಅಲ್ಲೇ ಇದೆ. ಎಂಜಿನ್ ಲೀನ್ ಓಡ್ತಿದೆ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗ್ತಿಲ್ಲ (ಪೆಟ್ರೋಲ್ ಜಾಸ್ತಿಯಾದ್ರೆ ರಿಚ್). ಸರಿ ಮಾಡೋ ತನಕ ಇನ್ನೊಂದು ಟ್ಯಾಂಕ್ ಹಾರಿಸಬೇಡಿ, ಪಿಸ್ಟನ್ ಕಚ್ಚಿಕೊಂಡ್ರೆ ಖರ್ಚು ದೊಡ್ಡದು.

ಕಾರಣ ಎರಡು ಕಡೆಯಿಂದ ಬಂದಿರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಅಲ್ಲಿಗಿಂತ ಕರಾವಳಿಯ ಗಾಳಿ ಸುಮಾರು ಶೇ. 10ರಷ್ಟು ದಟ್ಟ. ಸೆಕೆ ಅದರಲ್ಲಿ ಸ್ವಲ್ಪ ಕಳೆಯುತ್ತೆ, ಪೂರ್ತಿ ಕಳೆಯಲ್ಲ. ಹಾಗಾಗಿ ಅಲ್ಲಿ ಸರಿಯಿದ್ದ ನೀಡಲ್ ಇಲ್ಲಿ ಕಮ್ಮಿ ಬೀಳುತ್ತೆ. ಅದರ ಮೇಲೆ ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್. ಎಥೆನಾಲ್ ಒಳಗೇ ಆಮ್ಲಜನಕ ಇರೋದ್ರಿಂದ ಅಷ್ಟೇ ಗಾಳಿಗೆ ಶೇ. 7-8ರಷ್ಟು ಜಾಸ್ತಿ ಇಂಧನ ಹೋಗಬೇಕು. ಹಳೇ ಪೆಟ್ರೋಲಿಗೆ ಕೂರಿಸಿದ ನೀಡಲ್ ಆಗಿದ್ರೆ ಏಟಿನ ಮೇಲೆ ಏಟು.

ಮತ್ತೆ ಮೊದಲ ನಾಲ್ಕು ನಿಮಿಷ ಯಾಕೆ ಚೆನ್ನಾಗಿತ್ತು? ಹೋವರ್‌ನಲ್ಲಿ ಥ್ರಾಟಲ್ ಅರ್ಧಕ್ಕೂ ಕೆಳಗಿರುತ್ತೆ, ಅಲ್ಲಿ ಮುಖ್ಯ ಕೆಲಸ ಲೋ ನೀಡಲ್‌ದು. ಮೇಲೇರಿಸುವಾಗ ಹೈ ನೀಡಲ್ ಸರದಿ. ಲೀನ್ ಆಗಿ ಶಕ್ತಿ ಇಳಿದ ಕೂಡಲೇ ಗವರ್ನರ್ ಥ್ರಾಟಲ್ ಇನ್ನಷ್ಟು ತೆರೆದು ಹುಳುಕು ಮುಚ್ಚುತ್ತೆ. ಅದು ನೂರಕ್ಕೆ ಮುಟ್ಟಿ, ಇನ್ನು ಕೊಡೋಕೆ ಏನೂ ಇಲ್ಲ ಅಂದಾಗ ನಿಮ್ಮ ಕಿವಿಗೆ ಗೊತ್ತಾಗೋದು. ಅಷ್ಟರಲ್ಲಿ ಸಿಲಿಂಡರ್ ಕಾದು ಕೆಂಡ. ಅದಕ್ಕೇ ಟ್ಯೂನಿಂಗ್ ದಿನ ಗವರ್ನರ್ ಆಫ್ ಮಾಡಿ, ಬರೀ ಥ್ರಾಟಲ್ ಕರ್ವ್ (ಸ್ಟಿಕ್ ಎಲ್ಲಿದ್ರೆ ಥ್ರಾಟಲ್ ಎಷ್ಟು ಅನ್ನೋ ರಿಮೋಟಿನ ಸೆಟ್ಟಿಂಗ್) ಮೇಲೆ ಹಾರಿಸಿ. ವಾಲ್ಬ್ರೋದಲ್ಲಿ ಇರೋದು ಬಟರ್‌ಫ್ಲೈ (ತಿರುಗೋ ತಟ್ಟೆಯ ಕವಾಟ). ಗಾಳಿಯ ಬಹುಪಾಲು ಮೊದಲರ್ಧದಲ್ಲೇ ನುಗ್ಗುತ್ತೆ. ನೈಟ್ರೋ (ಮೆಥನಾಲ್ ಇಂಧನದ) ಎಂಜಿನ್ನಿನ ಕಾರ್ಬ್ ಥರ ಕರ್ವಿನ ನಡುವೆ 50 ಇಟ್ರೆ ಹೋವರ್‌ನಲ್ಲಿ ಆರ್‌ಪಿಎಂ ಹುಚ್ಚಾಪಟ್ಟೆ ಏರುತ್ತೆ. 38-42 ಇಟ್ಟು ಶುರು ಮಾಡಿ.

ಎರಡೂ ನೀಡಲ್‌ಗಳನ್ನ ಮೆಲ್ಲಗೆ ತಳ ಮುಟ್ಟುವಷ್ಟು ಒಳಗೆ ತಿರುಗಿಸಿ, ಈಗ ಎಷ್ಟು ಸುತ್ತು ಇತ್ತು ಅಂತ ಬರೆದಿಟ್ಕೊಳ್ಳಿ. ಬಿಗಿಯಬೇಡಿ, ಸೂಜಿಯ ಮೂತಿ ಗೀರಿದ್ರೆ ಆಮೇಲೆ ಟ್ಯೂನೇ ನಿಲ್ಲಲ್ಲ. ಆಮೇಲೆ ಲೋ 1¼ ಸುತ್ತು, ಹೈ 1½ ಸುತ್ತು ಹೊರಗೆ ತನ್ನಿ. ಸ್ಕ್ರೂ ತಲೆಯ ಗೀಟನ್ನ ಗಡಿಯಾರದ ನಿಮಿಷದ ಮುಳ್ಳು ಅಂದ್ಕೊಳ್ಳಿ. ಮುಂದಿನ ಬದಲಾವಣೆ ಎಲ್ಲ ಒಂದು ಸಲಕ್ಕೆ ಐದು ನಿಮಿಷದಷ್ಟು, ಅಂದ್ರೆ ಸುತ್ತಿನ ಹನ್ನೆರಡನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ.

ಮೊದಲು ಲೋ. ಎರಡು ನಿಮಿಷ ಓಡಿಸಿ ಬಿಸಿ ಮಾಡಿ, ಐಡಲ್‌ನಲ್ಲಿ ಪೆಟ್ರೋಲ್ ಪೈಪನ್ನ ಬೆರಳಲ್ಲಿ ಒತ್ತಿ ಹಿಡೀರಿ. ರೋಟರ್ ಪೂರ್ತಿ ನಿಂತಿರಬೇಕು, ಹೆಡ್ ಇನ್ನೊಂದು ಕೈಯಲ್ಲಿರಬೇಕು. ಸದ್ದು ಸ್ವಲ್ಪ ಏರಿ ಆಮೇಲೆ ಸತ್ರೆ ಸರಿ. ಏರದೆ ಹಾಗೇ ಸತ್ರೆ ಲೀನ್. ತುಂಬಾ ಹೊತ್ತು ಏರ್ತಾನೇ ಇದ್ರೆ ರಿಚ್.

ಇನ್ನು ಹೈ. ಎರಡು ನಿಮಿಷ ಹೋವರ್ ಮಾಡಿ, 5-6 ಸೆಕೆಂಡ್ ಪೂರ್ತಿ ಪಿಚ್ (ಬ್ಲೇಡಿನ ಕೋನ) ಕೊಟ್ಟು ಮೇಲೇರಿಸಿ. ಸದ್ದು ಗರಗರ ದಪ್ಪಗಿದ್ದು ಹೊಗೆ ಬಿಟ್ರೆ ರಿಚ್. ಮೊದಲೆರಡು ಸೆಕೆಂಡ್ ಜೋರಾಗಿ ಎಳೆದು ಆಮೇಲೆ ಸೊರಗಿದ್ರೆ ಲೀನ್. ಶುರುವಿಂದ ಕೊನೆತನಕ ಒಂದೇ ಸ್ವರದಲ್ಲಿ ಎಳೆಯೋ ಜಾಗ ಸಿಕ್ಕಿದ ಮೇಲೆ ಸ್ಕ್ರೂವನ್ನ ಸುತ್ತಿನ ಹನ್ನೆರಡನೇ ಒಂದು ಭಾಗ ರಿಚ್ ಕಡೆಗೆ (ಹೊರಗೆ) ಬಿಟ್ಟು ಕೈ ತೆಗೀರಿ. ಎರಡು ನೀಡಲ್ ಒಂದರ ಕೆಲಸದಲ್ಲಿ ಇನ್ನೊಂದು ತಲೆ ಹಾಕುತ್ತೆ, ಹಾಗಾಗಿ ಹೈ ಮುಗಿದ ಮೇಲೆ ಲೋ ಮತ್ತೊಮ್ಮೆ ನೋಡಿ.

ಕಿವಿ ನಂಬೋಕಾಗದಿದ್ರೆ ಪ್ಲಗ್ ಕೆಳಗೆ ಕೂರೋ ಉಂಗುರದ ಟೆಂಪರೇಚರ್ ಸೆನ್ಸರ್ ಹಾಕಿ. 120ರಿಂದ 150 ಡಿಗ್ರಿ ಸೆಲ್ಸಿಯಸ್ ಒಳ್ಳೇದು. 170 ದಾಟಿದ್ರೆ ಇಳಿಸಿ.

ಅಡಿಕೆತೋಟ_ಆರ್‌ಸಿ:

ಬರೀ ನೀಡಲ್ ತಿರುಗಿಸಿ ಕೂತ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಐಡಲ್ ಕೆಳಗೆ ಬರೋದಿಲ್ಲ ಅಂದ್ರಲ್ಲ, ಅದು ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿರೋ ಲಕ್ಷಣವೂ ಹೌದು. ಕಾರ್ಬ್ ಮತ್ತು ಸಿಲಿಂಡರ್ ನಡುವೆ ಕಪ್ಪು ಇನ್ಸುಲೇಟರ್ ಬ್ಲಾಕ್ ಉಂಟಲ್ಲ, ಅದರ ಎರಡೂ ಬದಿ ಗ್ಯಾಸ್ಕೆಟ್ ನೋಡಿ. ಎಂಜಿನ್ ತಣ್ಣಗಿರುವಾಗ ಕೂಡುವ ಗೆರೆಗೆ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿ. ಐಡಲ್ ಇಳಿದ್ರೆ ಸಂದು ಅಲ್ಲೇ.

ಕಾರ್ಬ್ ಎಷ್ಟು ವರ್ಷದ್ದು? ಒಳಗೆ ಎರಡು ಡಯಾಫ್ರಮ್. ಒಂದು ಪಂಪ್, ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ಬಡಿದುಕೊಳ್ತದೆ. ಇನ್ನೊಂದು ಅಳತೆ ನೋಡಿ ಇಂಧನ ಬಿಡ್ತದೆ. ಎಥೆನಾಲ್ ಕುಡಿದು ಒಣಗಿ, ಕುಡಿದು ಒಣಗಿ ಅವು ಹಪ್ಪಳ ಆಗ್ತವೆ. ಬೆರಳಿಗೆ ಮೆತ್ತಗೆ ಸಿಗಬೇಕು, ಚಟಪಟ ಅಂದ್ರೆ ಬದಲಿಸಿ. ಒಳಬರುವ ಜಾಗದಲ್ಲಿ ಉಗುರಿನಷ್ಟು ಜಾಲರಿ ಇರ್ತದೆ, ಅದರಲ್ಲಿ ಕಸ ಕೂತ್ರೂ ಇದೇ ಕಥೆ.

ಡಯಾಫ್ರಮ್ ಕಿಟ್‌ಗೆ ವಿದೇಶಕ್ಕೆ ಆರ್ಡರ್ ಹಾಕೋ ಮೊದಲು ಸಾಗರ, ಶಿರಸಿ, ಪುತ್ತೂರಲ್ಲಿ ಕಳೆ ಕೊಚ್ಚುವ ಮೆಷಿನ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೇಳಿ. ನಿಮ್ಮ ಎಂಜಿನ್ನಿನ ಮೂಲವೂ ಅದೇ ಕುಲ. ಆ ಮೆಷಿನ್‌ಗಳಲ್ಲಿ ವಾಲ್ಬ್ರೋ ಜಾತಿಯ ಕಾರ್ಬ್ ಸಾಮಾನ್ಯ. ಹಳೇ ಡಯಾಫ್ರಮ್ ಕೈಯಲ್ಲಿ ಹಿಡ್ಕೊಂಡು ಹೋಗಿ, ತೂತಿಗೆ ತೂತು ತಾಳೆ ನೋಡಿ ತನ್ನಿ. ಸುಮಾರಾಗಿ ಹೊಂದ್ತದೆ ಅಂದ್ರೆ ತಕ್ಕೊಳ್ಬೇಡಿ.

ಆಯಿಲ್ 32:1 ಮಾಡಿ, ಲೀಟರಿಗೆ 31 ಎಂಎಲ್. ಔಷಧಿ ಅಂಗಡಿಯ ಸಿರಿಂಜಲ್ಲಿ ಅಳೆಯಿರಿ, ಮುಚ್ಚಳದ ಲೆಕ್ಕ ಬೇಡ. ಬಂಕಿನ ಲೂಸ್ 2ಟಿ ಆಯಿಲ್ ಬೇಡವೇ ಬೇಡ. ಒಂದು ನೆನಪಿರಲಿ, ಆಯಿಲ್ ಜಾಸ್ತಿ ಮಾಡಿದ್ರೆ ಅಷ್ಟು ಪೆಟ್ರೋಲ್ ಕಮ್ಮಿ ಹೋಗ್ತದೆ, ಮಿಶ್ರಣ ಕೂದಲೆಳೆಯಷ್ಟು ಲೀನ್ ಆಗ್ತದೆ. ಹಾಗಾಗಿ ಮೊದಲು ಆಯಿಲ್, ಆಮೇಲೆ ನೀಡಲ್.

ಗಿರಗಿಟ್ಲೆ:

ಇಬ್ಬರಿಗೂ ಥ್ಯಾಂಕ್ಸ್. ಒಂದು ಹೇಳೋದು ಬಿಟ್ಟಿದ್ದೆ. ಹೋವರ್ ಮುಗಿಸಿ ಇಳಿಸಿದಾಗ ಟ್ಯಾಂಕಿಂದ ಬರೋ ಪೈಪಲ್ಲಿ ಸಣ್ಣ ಗುಳ್ಳೆಗಳು ಕಾಣ್ತವೆ. ಪೈಪ್ ಹಳದಿಯಾಗಿ ಗಡುಸಾಗಿದೆ. ಬಾಲ ಜಗ್ಗೋದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕೂಲಿಂಗ್_ಫ್ಯಾನ್:

ಗುಳ್ಳೆ ಅಂದ್ರೆ ಎರಡೇ ಸಾಧ್ಯತೆ. ಪೈಪ್ ಗಡುಸಾಗಿ ನಿಪ್ಪಲ್ ಹತ್ತಿರ ಗಾಳಿ ಎಳೀತಿದೆ, ಇಲ್ಲಾ ವೈಬ್ರೇಷನ್‌ಗೆ ಟ್ಯಾಂಕಲ್ಲಿ ಪೆಟ್ರೋಲ್ ನೊರೆ ಕಟ್ತಿದೆ. ಪೈಪ್ ಹೊಸದು ಹಾಕಿ. ಪೆಟ್ರೋಲಿಗೆ ಅಂತಲೇ ಇರೋ ಹಳದಿ ಟೈಗಾನ್ ತಗೊಳ್ಳಿ. ಅದೂ ವರ್ಷಕ್ಕೊಮ್ಮೆ ಗಡುಸಾಗುತ್ತೆ, ಬದಲಿಸಬೇಕು. ನೈಟ್ರೋದ ಸಿಲಿಕೋನ್ ಪೈಪ್ ಹಾಕಿದ್ರೆ ಉಬ್ಬಿ ಜಾರಿಬಿಡುತ್ತೆ. ಟ್ಯಾಂಕ್ ಕೆಳಗೆ 5 ಎಂಎಂ ಫೋಮ್, ಒಳಗೆ ಫೆಲ್ಟ್ ಸುತ್ತಿದ ಕ್ಲಂಕ್ (ಪೈಪಿನ ತುದಿಯ ಭಾರ). ಜಾಗ ಇದ್ರೆ ಮುಖ್ಯ ಟ್ಯಾಂಕಿಗೂ ಕಾರ್ಬಿಗೂ ನಡುವೆ ಸಣ್ಣ ಹೆಡರ್ ಟ್ಯಾಂಕ್ ಕೂಡ ಕೂರಿಸಿ.

ಬಾಲದ ವಿಷಯ. ಆರ್‌ಪಿಎಂ ಕುಸಿದಾಗ ಟೈಲ್ ಬ್ಲೇಡಿನ ಹಿಡಿತವೂ ಕುಸಿಯುತ್ತೆ, ಅದು ಅರ್ಧ ಕಾರಣ. ಇನ್ನರ್ಧ ವೈಬ್ರೇಷನ್. ಒಂದೇ ಸಿಲಿಂಡರಿನ ಎಂಜಿನ್ 12,000 ಆರ್‌ಪಿಎಂ ಹತ್ತಿರ ತಿರುಗುವಾಗ ಗೈರೊಗೆ ಅದು ಭೂಕಂಪ. ಫ್ಲೈಬಾರ್‌ಲೆಸ್ ಯೂನಿಟ್ ಅಡಿಗೆ ಎಲೆಕ್ಟ್ರಿಕ್‌ನಲ್ಲಿ ಹಾಕೋ ತೆಳು ಟೇಪ್ ಸಾಲದು. 2-3 ಎಂಎಂ ಮೆತ್ತನೆ ಫೋಮ್ ಟೇಪ್ ಹಾಕಿ, ವೈರ್‌ಗಳಿಗೆ ಸಡಿಲ ಕುಣಿಕೆ ಬಿಡಿ. ಬಿಗಿಯಾಗಿ ಕಟ್ಟಿದ್ರೆ ವೈರೇ ನಡುಕವನ್ನ ಒಳಗೆ ಒಯ್ಯುತ್ತೆ. ಟೈಲ್ ಗೇನ್ (ಗೈರೊ ಬಾಲವನ್ನ ಎಷ್ಟು ಜೋರಾಗಿ ಸರಿಪಡಿಸಬೇಕು ಅನ್ನೋ ಸೆಟ್ಟಿಂಗ್) ಎಲೆಕ್ಟ್ರಿಕ್‌ಗಿಂತ ಹತ್ತು ಹದಿನೈದು ಪಾಯಿಂಟ್ ಕೆಳಗಿಂದ ಶುರು ಮಾಡಿ.

ನಡುಕದ ಬೇರು ಹೆಚ್ಚಾಗಿ ಫ್ಯಾನ್ ಹಬ್‌ನಲ್ಲಿರುತ್ತೆ. ಪ್ಲಗ್ ತೆಗೆದು, ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. 0.05 ಎಂಎಂಗಿಂತ ಜಾಸ್ತಿ ಓಡಾಡಿದ್ರೆ ಬಿಚ್ಚಿ, ಟೇಪರ್ ಒರೆಸಿ, ಮತ್ತೆ ಕೂರಿಸಬೇಕು. ಲೋಹಕ್ಕೆ ಲೋಹ ಕೂಡೋ ಪ್ರತಿ ಸ್ಕ್ರೂಗೂ ಲಾಕ್‌ಟೈಟ್ 243. ಮಫ್ಲರ್ ಬೋಲ್ಟಿಗೆ ಮಾತ್ರ ಅದು ನಿಲ್ಲಲ್ಲ, ಬಿಸಿಗೆ ಸೋಲುತ್ತೆ. ಅಲ್ಲಿ ಲಾಕ್ ವಾಷರ್ ಹಾಕಿ, ಪ್ರತಿ ಟ್ಯಾಂಕ್ ಆದ ಮೇಲೆ ಬೋಲ್ಟ್ ಮುಟ್ಟಿ ನೋಡಿ.

ಪ್ಲಗ್ಗಿನ ಕಿಡಿ ರೇಡಿಯೊ ಸಿಗ್ನಲ್ ಕೆಡಿಸೋ ತೊಂದರೆನೂ ಇದೆ. 2.4 ಗಿಗಾಹರ್ಟ್ಜ್ ಬಂದ ಮೇಲೆ ಕಮ್ಮಿ, ಆದ್ರೆ ಸತ್ತಿಲ್ಲ. ಪ್ಲಗ್ ರೆಸಿಸ್ಟರ್ ಇರೋದೇ ಆಗಬೇಕು. ಎನ್‌ಜಿಕೆ ಸಿಎಂಆರ್7ಎಚ್‌ನಲ್ಲಿ ಆ ಆರ್ ಅಕ್ಷರ ಅದಕ್ಕೇ ಇರೋದು. ಗ್ಯಾಪ್ 0.6 ಎಂಎಂ. ಥ್ರಾಟಲ್ ಲಿಂಕ್ ಕಾರ್ಬ್ ಕಡೆ ಪ್ಲಾಸ್ಟಿಕ್ ಬಾಲ್ ಲಿಂಕ್ ಆಗಿರಲಿ, ಲೋಹದ ಕಡ್ಡಿ ನೇರ ಲೋಹಕ್ಕೆ ಉಜ್ಜಿದ್ರೆ ವಿದ್ಯುತ್ ಅಡಚಣೆ ಸರ್ವೊಗೆ ಹತ್ತುತ್ತೆ. ರಿಸೀವರ್ ಕಾಯಿಲ್‌ನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಫೇಲ್‌ಸೇಫ್‌ನಲ್ಲಿ (ಸಿಗ್ನಲ್ ತಪ್ಪಿದಾಗ) ಥ್ರಾಟಲ್ ಐಡಲ್, ಜೊತೆಗೆ ಟ್ರಾನ್ಸ್‌ಮಿಟರಲ್ಲಿ ಒಂದು ಸ್ವಿಚ್ ಎಂಜಿನ್ ಕಿಲ್‌ಗೆ. ಮ್ಯಾಗ್ನೆಟೊ ಎಂಜಿನ್‌ಗೆ ಬ್ಯಾಟರಿ ಕಿತ್ರೂ ಲೆಕ್ಕಕ್ಕಿಲ್ಲ, ಕಾಯಿಲ್ ಗ್ರೌಂಡ್ ಮಾಡಿದ್ರೆ ಮಾತ್ರ ಕಿಡಿ ನಿಲ್ಲೋದು.

ನೇರಳೆಮರ:

ಎರಡನೇ ಪ್ರಶ್ನೆ ಎಲ್ಲರೂ ನುಂಗಿಬಿಟ್ರಿ. ಸುಖ ಎಲ್ಲಿದೆ ಅಂತ ಕೇಳಿದ್ದಾರೆ.

ತಲೆಕೆಳಗು ಹಾರಾಟ, ಟಿಕ್‌ಟಾಕ್ (ಲೋಲಕದ ಹಾಗೆ ತೂಗಿಸೋ ಕಸರತ್ತು) ಬೇಕಿದ್ರೆ ಇದು ನಿಮ್ಮ ಮೆಷಿನ್ ಅಲ್ಲ. ಕಂಪನಿಯಿಂದ ಬಂದ ಹಾಗೇ ಇರೋ 25 ಸಿಸಿ ಎಂಜಿನ್ ಕೊಡೋದು ಎರಡು ಮೂರು ಎಚ್‌ಪಿ. 12 ಸೆಲ್ ಎಲೆಕ್ಟ್ರಿಕ್ ಒಂದು ಕ್ಷಣಕ್ಕೆ ಅದರ ಎರಡರಷ್ಟಕ್ಕೂ ಜಾಸ್ತಿ ಕೊಟ್ಟುಬಿಡುತ್ತೆ. ಪಿಚ್ ಜಾಸ್ತಿ ಹಾಕಿ ಬಡಿದ್ರೆ ಇದು ಮುನಿಸ್ಕೊಳ್ಳುತ್ತೆ. ಆದ್ರೆ ಆ ಎಲೆಕ್ಟ್ರಿಕ್ ಐದಾರು ನಿಮಿಷಕ್ಕೆ ಖಾಲಿ. ಇದು ಸಮಾಧಾನವಾಗಿ ಹಾರಿಸಿದ್ರೆ ನಿಮಿಷಕ್ಕೆ 20-25 ಎಂಎಲ್ ಕುಡಿಯುತ್ತೆ, ಅರ್ಧ ಲೀಟರ್ ಟ್ಯಾಂಕಿಗೆ ಇಪ್ಪತ್ತು ನಿಮಿಷ ಖಂಡಿತ. ಖರ್ಚು ಐವತ್ತು ಅರವತ್ತು ರೂಪಾಯಿ. ಚಾರ್ಜರ್ ಮುಂದೆ ಕಾಯೋದಿಲ್ಲ.

ಇಪ್ಪತ್ತು ನಿಮಿಷ ಅನ್ನೋದು ಬರೀ ಅಂಕಿ ಅಲ್ಲ. ಐದು ನಿಮಿಷದ ಹಾರಾಟದಲ್ಲಿ ಟೈಮರ್ ತಲೆಯಲ್ಲಿ ಓಡ್ತಿರುತ್ತೆ. ಇಲ್ಲಿ ಮೂಗು ನಿಮ್ಮ ಕಡೆ ಇಟ್ಟು ಹೋವರ್, ನಿಧಾನದ ಎಂಟರ ಸುತ್ತು, ಅದನ್ನೇ ಹಿಮ್ಮುಖವಾಗಿ, ಒಂದೇ ಟ್ಯಾಂಕಲ್ಲಿ ಹತ್ತತ್ತು ಸಲ ಮಾಡಬಹುದು. ಕಡಲ ಕಡೆಯಿಂದ ಗಾಳಿ ಬಂದ್ರೆ ಆರೂವರೆ ಕೆಜಿ ಅಲುಗೋದು ಕಮ್ಮಿ. ದೂರದಿಂದ ವಾಪಸ್ ಬರುವಾಗ ಮೊದಲು ಬ್ಲೇಡಿನ ಪಟಪಟ, ಆಮೇಲೆ ಎಂಜಿನ್ ಸದ್ದು. ಆಟೊರೊಟೇಷನ್ (ಎಂಜಿನ್ ಬಲವಿಲ್ಲದೆ, ತಿರುಗ್ತಿರೋ ರೋಟರ್ ಮೇಲೆ ಇಳಿಸೋದು) ಅಂತೂ ಆ ಭಾರದ ಬ್ಲೇಡ್‌ಗಳ ಜೊತೆ ಹಾಯಾಗಿರುತ್ತೆ. ಕೊನೇ ಮೀಟರಲ್ಲಿ ಪಿಚ್ ಎಳೆದು ಕೂರಿಸೋಕೆ ಟೈಮ್ ಸಿಗುತ್ತೆ.

ಗದ್ದೆ ಅಂದ್ರಿ, ಅಲ್ಲಿ ಒಂದು ಎಚ್ಚರ. ಕೂಳೆ ಮೇಲಿಂದ ನೇರ ಎತ್ತಿದ್ರೆ ಹುಲ್ಲಿನ ಎಸಳು ಫ್ಯಾನ್ ಒಳಗೆ ಹೋಗಿ ಸಿಲಿಂಡರ್ ರೆಕ್ಕೆಗಳ ನಡುವೆ ಕೂರುತ್ತೆ. ಎಂಜಿನ್ ಕಾಯೋದಕ್ಕೆ ಅದೂ ಒಂದು ಕಾರಣ ಆಗಿರಬಹುದು, ಫ್ಯಾನ್ ಕವರ್ ಬಿಚ್ಚಿ ನೋಡಿ. ನಾಲ್ಕಡಿ ಪ್ಲೈವುಡ್ ಹಾಳೆ ಹಾಸಿ ಅದರ ಮೇಲಿಂದ ಎತ್ತಿ. ಬೀಚ್ ಮರಳಿನ ಮೇಲಿಂದ ಮಾತ್ರ ಬೇಡ.

ನಿಯಮದ ಮಟ್ಟಿಗೆ, 2021ರ ಡ್ರೋನ್ ನಿಯಮಗಳಲ್ಲಿ 25 ಕೆಜಿ ಒಳಗಿನ, ಕಣ್ಣಿಗೆ ಕಾಣೋ ದೂರದಲ್ಲೇ ಹವ್ಯಾಸಕ್ಕೆ ಹಾರಿಸೋ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಬೇಡ. ಹಸಿರು ವಲಯದಲ್ಲಿ 400 ಅಡಿ ಮಿತಿ, ವಿಮಾನ ನಿಲ್ದಾಣದಿಂದ 8-12 ಕಿಮೀ ನಡುವೆ 200 ಅಡಿ. ಸರ್ಕಾರದ ಡಿಜಿಟಲ್ ಸ್ಕೈ ವಾಯುವಲಯ ನಕ್ಷೆ ನೋಡದೆ ಹೋಗಬೇಡಿ. ಜನ ಮೂವತ್ತು ಮೀಟರ್ ಆಚೆ ಇರಲಿ. 1500 ಆರ್‌ಪಿಎಂನಲ್ಲಿ ಬ್ಲೇಡಿನ ತುದಿ ಗಂಟೆಗೆ 440 ಕಿಮೀ ಮೀರಿ ಓಡ್ತಿರುತ್ತೆ.

ಗಿರಗಿಟ್ಲೆ:

ಇನ್ಸುಲೇಟರಿನ ಒಂದು ಬೋಲ್ಟ್ ಕಾಲು ಸುತ್ತು ಸಡಿಲ ಇತ್ತು. ಫ್ಯಾನ್ ಕವರ್ ಒಳಗೆ ಒಂದು ಹಿಡಿ ಹುಲ್ಲು. ಎರಡೂ ಸರಿ ಮಾಡಿ, ಪೈಪ್ ಬದಲಿಸಿ, 32:1 ಹಾಕಿದೆ. ಹೈ ಈಗ 1¾ರಲ್ಲಿ ನಿಂತಿದೆ, ಮೇಲೇರಿಸಿದಾಗ 141 ಡಿಗ್ರಿ. ಸದ್ಯಕ್ಕೆ ಮಾರಲ್ಲ. ಉಳಿದಿರೋದು ಒಂದೇ: ಐಡಲ್‌ನಲ್ಲಿ ರೋಟರ್ ಇನ್ನೂ ನಿಧಾನಕ್ಕೆ ತೆವಳುತ್ತೆ.

ಟೂಸ್ಟ್ರೋಕ್_ಟಿಪ್ಪಣಿ:

ಐಡಲ್ ಇಳಿಯದೆ ಇದ್ದ ದಿನಗಳಲ್ಲಿ ಕ್ಲಚ್ ಉಜ್ಜಿಕೊಂಡಿದೆ. ಬೆಲ್ ತೆಗೆದು ನೋಡಿ. ಒಳಗೆ ನೀಲಿ ಬಣ್ಣ ಬಂದಿದ್ರೆ ಅದು ಅತಿಯಾಗಿ ಕಾದದ್ದು, ಲೈನಿಂಗ್ ಗಾಜಿನ ಹಾಗೆ ಹೊಳೆಯುತ್ತಿರುತ್ತೆ. ಬರೀ ಹೊಳಪಾಗಿದ್ರೆ ಉಪ್ಪುಕಾಗದದಲ್ಲಿ ಅಡ್ಡಡ್ಡ ಉಜ್ಜಿ ಒರಟು ಮಾಡಿ. ತೆಳುವಾಗಿದ್ರೆ ಹೊಸ ಲೈನಿಂಗ್ ಅಂಟಿಸಬೇಕು. ಕ್ಲಚ್ ಶೂಗಳ ಕುತ್ತಿಗೆಯಲ್ಲಿ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಇದ್ರೆ ಶೂ ಪೂರ್ತಿ ಒಳಗೆ ಸರಿಯದೆ ರೋಟರ್ ತೆವಳುತ್ತೆ. ಬಿರುಕು ಕಂಡ್ರೆ ರಿಪೇರಿ ಬೇಡ, ಕ್ಲಚ್ಚೇ ಬದಲಿಸಿ.