ವರದಿಗಾರ ವಿದ್ಯುತ್ ಸಂಘದ ಚುನಾವಣೆಗೆ ನಿಲ್ಲಬಹುದಾ? ಅನುಭವ ಇದ್ದವರು ಹೇಳಿ

ಹುಕ್ಕೇರಿ ತಾಲ್ಲೂಕಿನಲ್ಲಿ ಒಂದು ದಿನಪತ್ರಿಕೆಗೆ ವರದಿ ಮಾಡುತ್ತೇನೆ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು, ತಂತಿ ಜೋತು ಬಿತ್ತು, ಕಬ್ಬಿಗೆ ಬೆಂಕಿ ಹತ್ತಿತು ಅಂತ ಬರೆದು ಬರೆದು ಸಾಕಾಗಿದೆ. ಮುಂದಿನ ಸಲ ಇಲ್ಲಿ ಕರೆಂಟು ಹಂಚುವ ವಿದ್ಯುತ್ ಸಹಕಾರಿ ಸಂಘದ ಆಡಳಿತ ಮಂಡಳಿಗೆ ನೀನೇ ನಿಲ್ಲು ಅಂತ ಗೆಳೆಯರು ಹಠ ಹಿಡಿದಿದ್ದಾರೆ. ಪೆನಲ್ (ಒಟ್ಟಾಗಿ ನಿಲ್ಲುವ ಅಭ್ಯರ್ಥಿಗಳ ಗುಂಪು) ಇಲ್ಲದೆ ನಿಂತರೆ ನಡೆಯುತ್ತದಾ? ವರದಿಗಾರಿಕೆ ಬಿಡಬೇಕಾ?

*

ನಾನು ವರದಿಗಾರನಾಗಿದ್ದಾಗಲೇ ಬೇರೆ ತಾಲ್ಲೂಕಿನ ಒಂದು ಸಹಕಾರ ಸಂಘಕ್ಕೆ ನಿಂತು ಗೆದ್ದವನು. ಧೈರ್ಯದ ಮಾತು ಆಮೇಲೆ. ಮೊದಲು ಅರ್ಹ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಮನೆಗೆ ಮೀಟರ್ ಇದ್ದ ಮಾತ್ರಕ್ಕೆ ಸದಸ್ಯರಾಗುವುದಿಲ್ಲ, ಶೇರು ಬೇಕು. ತೀರಿಕೊಂಡ ಅಪ್ಪನ ಹೆಸರಲ್ಲೇ ಶೇರು ಉಳಿದಿರುವ ಮನೆಗಳು ಎಷ್ಟಿಲ್ಲ! ಶೇರು ಇದ್ದರೂ ವಾರ್ಷಿಕ ಮಹಾಸಭೆಗಳನ್ನು ತಪ್ಪಿಸುತ್ತಾ ಬಂದರೆ ಹೆಸರು ಅನರ್ಹರ ಪಟ್ಟಿಗೆ ಹೋಗುತ್ತದೆ. ಚುನಾವಣೆ ಬಂದಾಗ ಹೈಕೋರ್ಟಿಗೆ ಓಡಿ ಓಟಿನ ಹಕ್ಕು ತರುವವರ ಸುದ್ದಿ ನೀವೇ ಬರೆದಿರುತ್ತೀರಿ, ಅಲ್ವಾ? ನಮ್ಮಂಥವರಿಗೆ ಇಲ್ಲೊಂದು ತೊಡಕಿದೆ. ಪ್ರತಿ ಮಹಾಸಭೆಗೂ ಹೋಗಿರುತ್ತೇವೆ, ಆದರೆ ಪತ್ರಕರ್ತರ ಸಾಲಿನಲ್ಲಿ ಕೂತು, ಚಹಾ ಕುಡಿದು, ಫೋಟೊ ತೆಗೆದು ಬರುತ್ತೇವೆ. ಅದು ಹಾಜರಿ ಅಲ್ಲ. ಸದಸ್ಯರ ಪುಸ್ತಕದಲ್ಲಿ ಸಹಿ ಬೀಳಬೇಕು. ಈ ವರ್ಷದಿಂದಲೇ ಶುರು ಮಾಡಿ.

ಇನ್ನು ವರದಿಗಾರಿಕೆ. ನಾಮಪತ್ರ ಹಾಕುವ ದಿನ ಬಿಡುತ್ತೇನೆ ಅಂದರೆ ತಡವಾಯಿತು. ನಿಲ್ಲುವ ಮನಸ್ಸು ಗಟ್ಟಿಯಾದ ಕೂಡಲೇ ಸಂಘದ ಸುದ್ದಿ ಬೇರೆಯವರಿಗೆ ಕೊಡಿ ಅಂತ ಸಂಪಾದಕರಿಗೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಹಳೆಯ ವರದಿಗಳನ್ನೆಲ್ಲ ಎದುರಾಳಿಗಳು ಪ್ರಚಾರ ಅಂತಲೇ ಓದಿ ಹೇಳುತ್ತಾರೆ. ಅದಕ್ಕಿಂತ ಕಷ್ಟದ್ದು ಜಾಹೀರಾತು. ತಾಲ್ಲೂಕು ವರದಿಗಾರನ ಹೊಟ್ಟೆಪಾಡು ಜಾಸ್ತಿ ನಿಂತಿರುವುದು ದೀಪಾವಳಿ ಶುಭಾಶಯ, ಹುಟ್ಟುಹಬ್ಬದ ಜಾಹೀರಾತಿನ ಕಮಿಷನ್ ಮೇಲೆ. ಅದನ್ನು ಕೊಡುವವರು ಸಂಘಗಳು, ಕಾರ್ಖಾನೆಗಳು, ಲೀಡರುಗಳು. ಅಭ್ಯರ್ಥಿಯಾಗಿ ಕೈ ಮುಗಿದ ಮನೆಗೇ ಮರುವಾರ ಜಾಹೀರಾತು ಕೇಳಲು ಹೋಗೋಕಾಗುತ್ತದಾ? ಆ ದುಡ್ಡು ಬಿಟ್ಟು ಮನೆ ನಡೆಯುತ್ತದಾ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

*

ಸಹಕಾರ ಇಲಾಖೆಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತನಾದವನು. ಬಿಲ್ ಇಳಿಸುತ್ತೇನೆ ಅಂತ ಮಾತ್ರ ಭಾಷಣ ಮಾಡಬೇಡಿ. ಸಂಘ ಕರೆಂಟು ಕೊಳ್ಳುವುದು ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂನಿಂದ, ದರ ಗೊತ್ತು ಮಾಡುವುದು ಬೆಂಗಳೂರಿನ ವಿದ್ಯುತ್ ನಿಯಂತ್ರಣ ಆಯೋಗ. 10 ಎಚ್‌ಪಿವರೆಗಿನ ಪಂಪ್‌ಸೆಟ್, ಗೃಹಜ್ಯೋತಿ, ಇವೆರಡರ ದುಡ್ಡು ಬರಬೇಕಾದದ್ದು ಸರ್ಕಾರದಿಂದ. ನಿರ್ದೇಶಕನ ಕೈಯಲ್ಲಿ ಉಳಿಯುವುದು ಸಾಮಾನು ಖರೀದಿ, ಟಿಸಿ ರಿಪೇರಿ, ಗುತ್ತಿಗೆ, ನೌಕರರ ವಿಷಯ. ಸುಟ್ಟ ಟಿಸಿ ಬದಲಾಗಲು ಎಷ್ಟು ದಿನ, ಯಾರ ಊರಿಗೆ ಮೊದಲು ಹೋಯಿತು, ರಿಪೇರಿ ಯಾರಿಗೆ ಕೊಟ್ಟರು ಅಂತ ಕೇಳುವ ಒಬ್ಬ ನಿರ್ದೇಶಕ ಇದ್ದರೂ ಸಾಕು, ಸಭೆಯ ಬಣ್ಣ ಬೇರೆ ಆಗುತ್ತದೆ.

*

ಪೆನಲ್ ಇಲ್ಲದೆ ಗೆಲ್ಲುವುದು ಕಷ್ಟ. ಸುಮ್ನೆ ಹೆದರಿಸುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮೂರಲ್ಲೇ ನೋಡಿದಿರಲ್ಲ, ಎರಡು ರಾಜಕೀಯ ಮನೆತನಗಳು, ಒಂದು ಕಡೆ ಕತ್ತಿ ಬಣ, ಇನ್ನೊಂದು ಕಡೆ ಜಾರಕಿಹೊಳಿ ಬಣ. ವಿಧಾನಸಭೆ ಚುನಾವಣೆಯ ಹಾಗೇ ನಡೆಯಿತು. ಗೆದ್ದದ್ದು ಕತ್ತಿ ಬಣ. ಇಂಥ ಚುನಾವಣೆಯಲ್ಲಿ ಸಾಮಾನ್ಯವಾಗಿ ಒಬ್ಬ ಮತದಾರನಿಗೆ ಒಂದಲ್ಲ, ಹಲವು ಓಟು. ಪೆನಲ್‌ನವರು ಚಿಹ್ನೆಗಳ ಚೀಟಿ ಕೈಗಿಟ್ಟು ಅಷ್ಟಕ್ಕೂ ಒತ್ತಿಸುತ್ತಾರೆ. ಒಂಟಿಯಾಗಿ ನಿಲ್ಲುವವನು ಎರಡೂ ಕಡೆಯವರ ಹತ್ತಿರ ಹೋಗಿ ‘ಉಳಿದದ್ದು ನಿಮಗೆ ಬೇಕಾದವರಿಗೆ ಹಾಕಿ, ಒಂದು ನನಗೆ’ ಅನ್ನಬೇಕು. ನಮ್ಮ ಕಡೆ ಒಬ್ಬರು ಹೀಗೇ ಗೆದ್ದರು. ಆದರೆ ಅವರು ಊರೂರು ತಿರುಗುವ ಪಶುವೈದ್ಯರು, ಪ್ರತಿ ಕೊಟ್ಟಿಗೆಯೂ ಗೊತ್ತಿತ್ತು.

*

ಅಮೆರಿಕದ ಒಮಾಹಾದಿಂದ, ಮೂಲ ಗೋಕಾಕ. ಇಲ್ಲಿ ನೆಬ್ರಾಸ್ಕಾದಲ್ಲಿ ಮನೆಮನೆಗೆ ಕರೆಂಟು ಕೊಡುವ ಖಾಸಗಿ ಕಂಪನಿಯೇ ಇಲ್ಲ. ನಮ್ಮ ವಿದ್ಯುತ್ ಮಂಡಳಿಗೆ 8 ಜನರನ್ನು 6 ವರ್ಷಕ್ಕೆ ನಾವೇ ಆರಿಸುತ್ತೇವೆ. ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರು ಇರುವುದಿಲ್ಲ. ತಿಂಗಳ ಸಭೆಗೆ ಯಾರು ಬೇಕಾದರೂ ಹೋಗಿ ಮಾತಾಡಬಹುದು. ನೀವು ಗೆದ್ದರೆ ಅದೊಂದನ್ನು ಅಲ್ಲಿ ಕೇಳಿ. ಅಂದಹಾಗೆ ಹುಕ್ಕೇರಿ ಸಂಘ 1969ರಲ್ಲಿ ಹುಟ್ಟಿದಾಗ ಸಲಹೆ ಕೊಟ್ಟವರಲ್ಲಿ ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳವರೂ ಇದ್ದರು.

*

ನನ್ನ ಮಾತು ಬೇರೆ. ನಿಲ್ಲಬೇಡಿ. ನೀವು ಒಳಗೆ ಹೋದರೆ ಹೊರಗೆ ಕೂತು ಬರೆಯುವವರು ಯಾರು? ಸಹಕಾರ ಸಂಘ ತಾನಾಗಿಯೇ ಆರ್‌ಟಿಐ ಕೆಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ನಿಜ. ಆದರೆ ದರ ಪರಿಷ್ಕರಣೆಗೆ ಸಂಘ ಆಯೋಗದ ಮುಂದೆ ಅರ್ಜಿ ಹಾಕಬೇಕು. ಎಷ್ಟು ಯೂನಿಟ್ ಕೊಂಡರು, ಎಷ್ಟು ಸೋರಿತು, ಖರ್ಚೆಷ್ಟು, ಎಲ್ಲ ಅದರಲ್ಲಿರುತ್ತದೆ. ಆಯೋಗ ಸಾರ್ವಜನಿಕ ವಿಚಾರಣೆಯನ್ನೂ ನಡೆಸುತ್ತದೆ. ಗ್ರಾಹಕನಾಗಿ ಆಕ್ಷೇಪಣೆ ಹಾಕಲು ಶೇರೂ ಬೇಡ, ಪೆನಲ್ಲೂ ಬೇಡ. ಈ ಸಲದ ಅರ್ಜಿ ತರಿಸಿಕೊಂಡು ಓದಿ. ಅದನ್ನು ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೆ ಮಂಡಳಿಯ ಕಡತ ಓದುವುದೂ ಆಗಲ್ಲ.